ನೀರಿಗೆ ಯಾಕೆ ಬೈಯುತ್ತೀರಿ?

ಕುವೈತಿಗೆ ಬಂದ ಕನ್ನಡದವರಲ್ಲಿ ಯಾರನ್ನು ಬೇಕಾದರೂ ಕೇಳಿ, ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಒಂದು ದೂರು ಶುರುವಾಗಿರುತ್ತದೆ: "ಇಲ್ಲಿಯ ನೀರು ತಲೆಗೆ ಒಗ್ಗುವುದಿಲ್ಲ. ಕೂದಲು ಹಿಡಿ ಹಿಡಿಯಾಗಿ ಬರುತ್ತಿದೆ." ಇಪ್ಪತ್ತೆರಡು ವರ್ಷಗಳ ಹಿಂದೆ ನಾನೂ ಇದನ್ನೇ ಹೇಳಿದವಳು. ಹೊನ್ನಾವರಕ್ಕೆ ಫೋನ್ ಮಾಡಿದಾಗ ಅಮ್ಮ ಒಂದು ಕ್ಷಣವೂ ಯೋಚಿಸದೆ, "ಊರು ಬದಲಾಯಿತು, ನೀರು ಬದಲಾಯಿತು, ಮತ್ತೇನಾಗುತ್ತದೆ" ಎಂದಿದ್ದಳು. ನಮ್ಮ ಭಾಷೆಯಲ್ಲಿ ಈ ತೀರ್ಪು ಯಾವತ್ತಿನಿಂದಲೋ ಸಿದ್ಧವಾಗಿ ಕುಳಿತಿದೆ. ಮದುವೆಯಾಗಿ ಹೋದ ಹುಡುಗಿ ಸೊರಗಿದರೆ ಗಂಡನ ಮನೆಯ ನೀರು ಒಗ್ಗಲಿಲ್ಲ. ಬಯಲುಸೀಮೆಗೆ ವರ್ಗವಾದ ಮೇಷ್ಟರು ಮಲಗಿದರೆ ಅಲ್ಲಿಯ ನೀರು ಒಗ್ಗಲಿಲ್ಲ. ಆ ಹುಡುಗಿಗೆ ಆ ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿತ್ತೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ನನ್ನ ತಕರಾರು ಈ ಮಾತಿನ ಮೇಲೆ. ಕೂದಲಿನ ವಿಷಯದಲ್ಲಿ ನಾವು ಹೊರದೇಶದ ಕನ್ನಡಿಗರು ನೀರಿಗೆ ಬೈಯುವುದನ್ನು ನಿಲ್ಲಿಸಬೇಕು. ಬೈದರೆ ನೀರಿಗೇನೂ ನಷ್ಟವಿಲ್ಲ, ನಮಗಿದೆ.

ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ಕುಂದಾಪುರ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ. ಬರುವಾಗ ಸೊಂಟದ ತನಕ ಜಡೆ ಇತ್ತು, ವರ್ಷ ತುಂಬುವುದರೊಳಗೆ ಅದು ಇಲಿಬಾಲವಾಯಿತು. "ಇಲ್ಲಿ ನೀರು ನಂಗ್ ಆತಿಲ್ಲೆ ಅಕ್ಕ" ಎನ್ನುತ್ತಿದ್ದಳು. ಮೊದಲು ಶವರಿಗೆ ಫಿಲ್ಟರ್ ಬಂತು. ಆಮೇಲೆ ಶಾಂಪೂ ನಾಲ್ಕು ಸಲ ಬದಲಾಯಿತು. ಕೊನೆಗೆ ಕುಡಿಯಲೆಂದು ತರಿಸುವ ಕ್ಯಾನಿನ ನೀರಿನಲ್ಲೇ ತಲೆಸ್ನಾನ. ಒಂದು ದಿನ ಲಿಫ್ಟ್ ಕೆಟ್ಟಿತ್ತು. ಕ್ಯಾನ್ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದವಳು ಎರಡನೆಯ ಮಹಡಿಯಲ್ಲಿ ಕುಸಿದು ಕುಳಿತಳು. ಮುಖ ಸುಣ್ಣ ಬಳಿದ ಹಾಗೆ. ಮರುದಿನ ಅವಳ ಜೊತೆಯವರೇ ಹಟ ಮಾಡಿ ಅವಳ ರಕ್ತ ತೆಗೆದರು. ಹಿಮೋಗ್ಲೋಬಿನ್ 7.4. ಹೆಂಗಸರಿಗೆ 12 ಆದರೂ ಇರಬೇಕು. ದಿನವಿಡೀ ಊರವರ ತೋಳಿಗೆ ಸೂಜಿ ಚುಚ್ಚುವವಳು ಹನ್ನೊಂದು ತಿಂಗಳು ತನ್ನ ತೋಳು ಚಾಚಿರಲಿಲ್ಲ. ಪ್ರತಿ ತಿಂಗಳು ಎಂಟೊಂಬತ್ತು ದಿನ ಮುಟ್ಟಿನ ಸ್ರಾವ ನಿಲ್ಲುತ್ತಿರಲಿಲ್ಲವಂತೆ. ಅದನ್ನೂ ನೀರಿನ ಲೆಕ್ಕಕ್ಕೇ ಬರೆದುಕೊಂಡಿದ್ದಳು.

ಆ ಹನ್ನೊಂದು ತಿಂಗಳೂ "ಹೌದು ಮಾರಾಯ್ತಿ, ಇಲ್ಲಿಯ ನೀರೇ ಹಾಗೆ" ಎಂದು ತಲೆಯಾಡಿಸಿದವಳು ನಾನು. ಈ ಬರಹದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಮೊದಲು ಆರೋಪಿಯ ಪರವಾಗಿ ನಾಲ್ಕು ಮಾತು. ಕುವೈತಿನಲ್ಲಿ ನದಿಯಿಲ್ಲ. ಹಿಂದೆ ಶತ್ ಅಲ್ ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ಸಿಹಿನೀರು ತರುತ್ತಿದ್ದರು. 1950ರ ದಶಕದಿಂದ ಸಮುದ್ರದ ನೀರನ್ನು ಭಟ್ಟಿ ಇಳಿಸಿ ನಲ್ಲಿಗೆ ಬಿಡುತ್ತಿದ್ದಾರೆ. ಭಟ್ಟಿ ಇಳಿಸಿದ ನೀರಿನಲ್ಲಿ ಉಪ್ಪೂ ಸುಣ್ಣದಂಶವೂ ಹಿಂದೆಯೇ ಉಳಿದುಬಿಡುತ್ತವೆ. ಕುಡಿಯುವುದಕ್ಕೆ ಸರಿಹೋಗಲೆಂದು ಆಮೇಲೆ ಸ್ವಲ್ಪ ಸವಳು ಅಂತರ್ಜಲ ಬೆರೆಸುತ್ತಾರೆ, ಅಷ್ಟೆ. ಅದೇ ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರನ್ನು ನೋಡಿ. ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ, ಬೇರೆ ನೀರೇ ಸಿಗದಿದ್ದರೆ 600ರ ತನಕ ಸಹಿಸಿಕೊಳ್ಳಿ ಎಂದು ಭಾರತದ ಮಾನಕ ಹೇಳುತ್ತದೆ. ಆ ಸಹಿಸಿಕೊಳ್ಳುವ ನೀರಿನಲ್ಲಿ ಹತ್ತು ವರ್ಷ ಮಿಂದು, ಗೀಸರಿನ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿದ್ದನ್ನು ಕಂಡು ಬಂದವರೂ ಇಲ್ಲಿಯ ನೀರು "ಹಾರ್ಡ್" ಎಂದು ಗೊಣಗುತ್ತಾರೆ. ಅವರೆದುರು ನಗು ತಡೆದುಕೊಳ್ಳುವುದು ನನಗೆ ಕಷ್ಟ.

ಗಡಸು ನೀರು ಕೂದಲಿಗೆ ಏನೂ ಮಾಡುವುದಿಲ್ಲ ಎಂದೇನೂ ನಾನು ವಾದಿಸುವುದಿಲ್ಲ. ಅಂಥ ನೀರಿನಲ್ಲಿ ಸಾಬೂನು ನೊರೆ ಬಿಡದೆ ಬಿಳಿಯ ಜಿಗುಟಾಗಿ ಎಳೆಗೆ ಮೆತ್ತಿಕೊಳ್ಳುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚಿದರೆ ತುಂಡಾಗುತ್ತದೆ. ಆದರೆ ತುಂಡಾಗುವುದು ಬೇರೆ, ಉದುರುವುದು ಬೇರೆ. ತಲೆಯಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ, ಅದು ಉಗುರಿನ ಹಾಗೆ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ, ಆ ಬುಡಕ್ಕೆ ಊಟ ರಕ್ತದಿಂದ ಹೋಗುತ್ತದೆ. ಮೇಲಿಂದ ಸುರಿಯುವ ನೀರು ಎಳೆಯನ್ನು ಕೆಡಿಸಬಲ್ಲದೇ ಹೊರತು ಬುಡದ ಊಟ ಕಸಿದುಕೊಳ್ಳಲಾರದು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಎಳ್ಳಿಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದ ಗಿಡ್ಡ ತುಣುಕುಗಳಾದರೆ ಮುರಿದದ್ದು. ಮುರಿದರೆ ಶಾಂಪೂ, ಬಾಚಣಿಗೆ, ನೀರು, ಯಾರನ್ನಾದರೂ ವಿಚಾರಿಸಿಕೊಳ್ಳಿ. ಗಂಟಿನ ಸಮೇತ ರಾಶಿ ರಾಶಿ ಬರುತ್ತಿದ್ದರೆ ಬಚ್ಚಲಿನಿಂದ ಹೊರಗೆ ಬಂದು ಹುಡುಕಬೇಕು.

ಇಲ್ಲಿಯ ನೀರಿನ ಮೇಲೆ ನಿಜವಾದ ದೂರೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕು ಕುದಿಯುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಹಳಬರಿಗೆ ಉಪಾಯ ಗೊತ್ತು: ಜೂನ್ ಬರುತ್ತಿದ್ದ ಹಾಗೆ ಗೀಸರ್ ಆರಿಸಿಬಿಡುವುದು. ಎ.ಸಿ. ಮನೆಯೊಳಗೆ ನಿಂತು ಗೀಸರಿನಲ್ಲಿದ್ದ ನೀರು ತಣಿದಿರುತ್ತದೆ, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಹೊಸದಾಗಿ ಬಂದವರು ಗೊತ್ತಿಲ್ಲದೆ ಆ ಸುಡುನೀರನ್ನೇ ನೆತ್ತಿಗೆ ಸುರಿದುಕೊಂಡು ಚರ್ಮ ಒಣಗಿಸಿಕೊಳ್ಳುತ್ತಾರೆ. ದೂರುವುದಾದರೆ ಟ್ಯಾಂಕನ್ನು ದೂರಿ.

ಇನ್ನು ಆ ಮೂರು ತಿಂಗಳ ಲೆಕ್ಕ. ಎಲ್ಲರಿಗೂ ಬಂದು ಮೂರು ತಿಂಗಳಿಗೇ ಉದುರುತ್ತದೆಯಲ್ಲ, ನೀರಲ್ಲದಿದ್ದರೆ ಮತ್ತೇನು ಎಂದು ಕೇಳುತ್ತಾರೆ. ಕೂದಲಿನ ಬುಡ ಕೆಲವು ವರ್ಷ ಬೆಳೆಸುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಹಳೆಯ ಎಳೆಯನ್ನು ಕಳಚುತ್ತದೆ. ದೇಹಕ್ಕೆ ದೊಡ್ಡ ಏಟೊಂದು ಬಿದ್ದರೆ, ಅಂದರೆ ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಡುವುದು, ಮನಸ್ಸಿಗೆ ಆಘಾತ, ಬೆಳೆಯುತ್ತಿದ್ದ ಬುಡಗಳಲ್ಲಿ ಬಹಳಷ್ಟು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಹಾಗಾದರೆ ಬಂದು ಮೂರು ತಿಂಗಳಿಗೆ ಉದುರಿದ ಕೂದಲು ಯಾವ ದಿನಗಳ ಲೆಕ್ಕ ಒಪ್ಪಿಸುತ್ತಿದೆ? ಸಾಲ ಮಾಡಿ ಏಜೆಂಟನಿಗೆ ದುಡ್ಡು ಕೊಟ್ಟ ದಿನಗಳದ್ದು, ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ವಿಮಾನ ಹತ್ತಿದ ರಾತ್ರಿಯದ್ದು, ಮೊದಲ ಸಂಬಳದ ತನಕ ಖುಬ್ಬೂಸ್ ಮತ್ತು ಚಹಾದಲ್ಲಿ ಕಳೆದ ವಾರಗಳದ್ದು. ಇಂಥ ಉದುರುವಿಕೆ ಕಾರಣ ಹೋದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ನೀವು ಹಾಕಿಸಿದ ಫಿಲ್ಟರಿಗೆ ಒಳ್ಳೆಯ ಹೆಸರು ಬಂದಿರುತ್ತದೆ.

ನಿಲ್ಲದೇ ಹೋದರೆ? ಅಲ್ಲಿಯೇ ಅಪಾಯ ಇರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ನಾವು ವಿಮಾನ ಹತ್ತುವಾಗ ಅದನ್ನು ಕಸ್ಟಮ್ಸಿನಲ್ಲಿ ಬಿಟ್ಟು ಬರುವುದಿಲ್ಲ. ಬಂದ ಮೇಲೆ ಊಟದ ಹಿಂದೆಯೇ ಕರಕ್ ಚಹಾ ಕುಡಿದು ಊಟದಲ್ಲಿದ್ದ ಕಬ್ಬಿಣಾಂಶವೂ ಮೈಗೆ ಹತ್ತದಂತೆ ನೋಡಿಕೊಳ್ಳುತ್ತೇವೆ. ಥೈರಾಯ್ಡ್ ಇನ್ನೊಂದು ಕಾರಣ. ಎರಡನ್ನೂ ಹಿಡಿಯುವುದಕ್ಕೆ ಒಂದು ರಕ್ತಪರೀಕ್ಷೆ ಸಾಕು.

ಅದರ ಬದಲು ನಾವೇನು ಮಾಡುತ್ತೇವೆ? ತಲೆಸ್ನಾನವನ್ನೇ ಕಡಿಮೆ ಮಾಡುತ್ತೇವೆ. ತೊಳೆದಾಗಲೆಲ್ಲ ಬಚ್ಚಲ ಜಾಲರಿಯಲ್ಲಿ ಕೂದಲು ಕಾಣುತ್ತದೆ, ಆದ್ದರಿಂದ ತೊಳೆಯುವುದೇ ಬೇಡ ಎಂಬ ತರ್ಕ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಐದು ದಿನ ತಲೆ ತೊಳೆಯದಿದ್ದರೆ ಆ ಐದು ದಿನದ್ದೂ ಒಳಗೇ ಸಿಕ್ಕಿಕೊಂಡಿದ್ದು ಆರನೆಯ ದಿನ ಒಟ್ಟಿಗೆ ಇಳಿಯುತ್ತದೆ. ಆ ಉಂಡೆ ನೋಡಿ ಎದೆ ಧಸಕ್ಕೆನ್ನುತ್ತದೆ, ಮುಂದಿನ ಸಲ ಎಂಟು ದಿನ ಮುಂದೂಡುತ್ತೇವೆ. ಐವತ್ತು ಡಿಗ್ರಿ ಬಿಸಿಲಿನಲ್ಲಿ ಬೆವರಿದ ನೆತ್ತಿ ಎಂಟು ದಿನ ಹಾಗೇ ಇದ್ದರೆ ಹೊಟ್ಟು, ತುರಿಕೆ, ವಾಸನೆ. ಬೆವರುವ ತಲೆಯನ್ನು ದಿನ ಬಿಟ್ಟು ದಿನ ತೊಳೆದರೆ ಯಾವ ಕೂದಲೂ ಮುನಿಸಿಕೊಳ್ಳುವುದಿಲ್ಲ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಶಾಂಪೂವನ್ನು ಉದ್ದಕ್ಕೂ ಬಟ್ಟೆ ಒಗೆದ ಹಾಗೆ ಉಜ್ಜಿ, ಕಂಡೀಷನರನ್ನು ಎಣ್ಣೆಯೆಂದು ತಿಳಿದು ನೆತ್ತಿಗೆ ತಿಕ್ಕುತ್ತಾರೆ. ಆಮೇಲೆ ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿ ಬಸ್ಸಿಗೆ ಓಡುವುದು. ಒದ್ದೆಯಿದ್ದಾಗಲೇ ಕೂದಲು ಅತಿ ಬಲಹೀನ.

ಇಷ್ಟು ಹೇಳಿದರೆ "ಹಾಗಾದರೆ ಅಜ್ಜಿಯರೆಲ್ಲ ದಡ್ಡರೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಅಜ್ಜಿ ಮತ್ತಿ ಸೊಪ್ಪನ್ನು, ಅದಿಲ್ಲದಿದ್ದರೆ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಲೋಳೆಯಂಥ ಗೊಂಪು ಮಾಡುತ್ತಿದ್ದಳು. ಎಣ್ಣೆ ಹಚ್ಚಿ ಒಂದು ತಾಸು ಕೂರಿಸಿ, ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿ, ಸೀಗೆಪುಡಿ ಹಾಕಿ ತಿಕ್ಕಿ, ಗೊಂಪು ಎರೆದು ಬೆರಳಿನಲ್ಲೇ ಸಿಕ್ಕು ಬಿಡಿಸುತ್ತಿದ್ದಳು. ಸೀಗೆಯ ನೊರೆ ಗಡಸು ನೀರಿನಲ್ಲೂ ಸಾಬೂನಿನ ಹಾಗೆ ಜಿಗುಟಾಗುವುದಿಲ್ಲ. ಗೊಂಪಿನ ಲೋಳೆ ಎಳೆಗಳನ್ನು ಜಾರುವಂತೆ ಮಾಡುತ್ತದೆ, ಬಾಟಲಿಯ ಕಂಡೀಷನರ್ ಮಾಡುವುದೂ ಅದನ್ನೇ. ತೊಳೆಯುವ ಮೊದಲು ಹಚ್ಚಿದ ತೆಂಗಿನೆಣ್ಣೆ ಎಳೆಯೊಳಗೆ ಇಳಿದು ಅದರ ಪ್ರೋಟೀನು ಸೋರುವುದನ್ನು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟವಾದ ಮುಂಬೈಯ ಅಧ್ಯಯನವೊಂದು ತೋರಿಸಿತು. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ಹೇಳಿಬಿಡುತ್ತೇನೆ. ಅಜ್ಜಿಗೆ ಕಂಪನಿಯಿರಲಿಲ್ಲ, ಕೈಯ ಅನುಭವವಿತ್ತು.

ಆದರೆ ಹೊಟ್ಟಿಗೆ ಎಣ್ಣೆ ಮೆತ್ತಿ ಮೂರು ದಿನ ಬಿಡುವುದು ಅಜ್ಜಿಯ ತಪ್ಪೇ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಮತ್ತೆ, ಅಜ್ಜಿಯ ಆರೈಕೆಯಿಂದ ಬುಡದ ಕೂದಲು ಹೆಚ್ಚು ಹುಟ್ಟುತ್ತದೆ ಎಂಬುದನ್ನೂ ನಾನು ನಂಬುವುದಿಲ್ಲ. ಹೆರಿಗೆಯಾದ ಚಿಕ್ಕಮ್ಮನ ಕೂದಲು ಆ ಬಚ್ಚಲಿನಲ್ಲೇ, ಆ ಗೊಂಪಿನ ಕೆಳಗೇ ಉದುರಿದ್ದನ್ನು ನಾನು ನೋಡಿದ್ದೇನೆ. ಅಲ್ಲಿ ಬೈಯಲು ಹೊಸ ನೀರು ಇರಲಿಲ್ಲವಾದ್ದರಿಂದ "ಬಾಣಂತಿಗೆ ಉದುರುವುದೇ" ಎಂದು ಸರಿಯಾಗಿಯೇ ಹೇಳಿದರು.

ವ್ಯಾಪಾರಿಗಳ ವಿಷಯ ಬೇಗ ಮುಗಿಸುತ್ತೇನೆ. ಶವರಿನ ಫಿಲ್ಟರ್ ಸ್ವಲ್ಪ ಕ್ಲೋರಿನ್ ಹಿಡಿಯಬಹುದು, ಗಡಸುತನ ತೆಗೆಯುವುದಿಲ್ಲ. ಬಯೋಟಿನ್ ಕೊರತೆ ಇರುವವರು ಬಹಳ ವಿರಳ. ಹೆಚ್ಚು ಪ್ರಮಾಣದ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಹುದು ಎಂದು 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಥೈರಾಯ್ಡ್ ಪರೀಕ್ಷೆಯೂ ಹೀಗೆ ದಾರಿ ತಪ್ಪುವುದುಂಟು. ಅಂದರೆ ಕಾರಣ ಹುಡುಕುವ ಬಾಗಿಲನ್ನೇ ಆ ಗುಳಿಗೆ ಮುಚ್ಚಬಹುದು.

ಇಷ್ಟೆಲ್ಲ ಗೊತ್ತಿದ್ದೂ ನಾವು ಯಾಕೆ ನೀರನ್ನೇ ಹಿಡಿದುಕೊಂಡಿದ್ದೇವೆ? ನನಗೆ ಹೊಳೆದ ಉತ್ತರ ಇದು: ಇಲ್ಲಿ ನಾವು ಧೈರ್ಯವಾಗಿ ಬೈಯಬಹುದಾದ್ದು ನೀರೊಂದೇ. ಕಫೀಲನನ್ನು, ಅಂದರೆ ನಮ್ಮ ವೀಸಾ ಕೈಯಲ್ಲಿಟ್ಟುಕೊಂಡ ಧಣಿಯನ್ನು ಬೈಯುವ ಹಾಗಿಲ್ಲ. ಸಾಲು ಸಾಲು ರಾತ್ರಿಪಾಳಿ ಹಾಕಿದವರನ್ನು ಬೈಯುವ ಹಾಗಿಲ್ಲ. ನಿದ್ದೆಯಿಲ್ಲ, ಒಬ್ಬಳೇ ಕುಳಿತು ಉಣ್ಣಲು ಸೇರುವುದಿಲ್ಲ ಎಂದು ಊರಿಗೆ ಫೋನ್ ಮಾಡಿ ಹೇಳುವ ಹಾಗಿಲ್ಲ; ಮನೆಯ ಮಾಡು ಅವಳ ದುಡ್ಡಿನಲ್ಲಿ ಏರುತ್ತಿದೆ. "ನೀರು ಸರಿಯಿಲ್ಲ" ಎಂದರೆ ಯಾರಿಗೂ ನೋವಿಲ್ಲ, ಯಾರೂ ವಾಪಸು ಬಾ ಎನ್ನುವುದಿಲ್ಲ. ಗಂಡಸರೂ ಇದೇ ಆಟ ಆಡುತ್ತಾರೆ. ಇಪ್ಪತ್ತೆಂಟಕ್ಕೆ ಬಕ್ಕತಲೆಯಾದವನು ಅಪ್ಪನ ತಲೆಯನ್ನೂ ಸೋದರಮಾವನ ತಲೆಯನ್ನೂ ನೋಡದೆ ಕುವೈತಿನ ನೀರನ್ನೂ ಕೆಲಸದ ಹೆಲ್ಮೆಟ್ಟನ್ನೂ ದೂರುತ್ತಾನೆ. ಅವನದು ತಮಾಷೆಯಾಗಿ ಮುಗಿಯುತ್ತದೆ. ಹೆಂಗಸರದು ಮೆಟ್ಟಿಲ ಮೇಲೆ ಮುಗಿಯಬಹುದಿತ್ತು.

ಆದ್ದರಿಂದ ನಮ್ಮ ಸಂಘದ ಹೆಂಗಸರಲ್ಲಿ ಯಾರಾದರೂ "ಇಲ್ಲಿಯ ನೀರು..." ಎಂದು ಶುರು ಮಾಡಿದರೆ ನಾನೀಗ ಮಧ್ಯದಲ್ಲೇ ತಡೆಯುತ್ತೇನೆ. ರಾತ್ರಿ ನಿದ್ದೆ ಬರುತ್ತದೆಯೇ, ಮುಟ್ಟು ಎಷ್ಟು ದಿನ, ಕೊನೆಯ ಸಲ ರಕ್ತಪರೀಕ್ಷೆ ಯಾವಾಗ, ಬೆಳಿಗ್ಗೆ ಏನು ತಿಂದೆ ಎಂದು ಕೇಳುತ್ತೇನೆ. ಕೆಲವರು ಮುಖ ಗಂಟು ಹಾಕುತ್ತಾರೆ. ಒಬ್ಬಳು ಎರಡನೆಯ ಪ್ರಶ್ನೆಗೇ ಅಳತೊಡಗಿದಳು, ಕೂದಲಿನ ಮಾತು ಆ ದಿನ ಅಲ್ಲಿಗೇ ನಿಂತಿತು.

ಕುಂದಾಪುರದ ಹುಡುಗಿ ಫೆಬ್ರವರಿಯಿಂದ ಕಬ್ಬಿಣದ ಮಾತ್ರೆ ನುಂಗಿದಳು, ಮುಟ್ಟಿಗೂ ಚಿಕಿತ್ಸೆಯಾಯಿತು. ಕ್ಯಾನಿನ ನೀರು ಮತ್ತೆ ಕುಡಿಯುವುದಕ್ಕೆ ಮಾತ್ರ ಬಳಕೆಯಾಯಿತು. ಆಗಸ್ಟ್ ಹೊತ್ತಿಗೆ ಬೈತಲೆಯ ಎರಡೂ ಬದಿ ಮರಿಕೂದಲು ಎದ್ದು ನಿಂತಿತ್ತು. ಅದೇ ಟ್ಯಾಂಕಿನ, ಅದೇ ನಲ್ಲಿಯ ನೀರು. ದೀಪಾವಳಿಗೆ ರಜೆ ಹಾಕಿ ಊರಿಗೆ ಹೋದಳು. ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದಳು. ನಗು ತಡೆಯಲಾಗದೆ ಮಾತೇ ಸರಿಯಾಗಿ ಕೇಳುತ್ತಿರಲಿಲ್ಲ. ಹಿಂದಿನಿಂದ ಅವಳ ಅಮ್ಮನ ದನಿ ಮಾತ್ರ ಸ್ಪಷ್ಟವಾಗಿತ್ತು: "ಕಾಣ್, ನಮ್ ಬಾವಿ ನೀರ್ ಬಿದ್ದದ್ದೇ ತಡ, ಕೂದ್ಲ್ ಹ್ಯಾಂಗ್ ಬಂತ್!"