ನಗರದ ಉದ್ಯೋಗವೂ ಕಾರ್ಮಿಕರ ಸ್ಥಿತಿಯೂ

ನಗರಗಳಲ್ಲಿ ಉದ್ಯೋಗವು ಚೇತರಿಸಿಕೊಂಡಿರುವುದೆಂದು ಕೇಂದ್ರ ಸರ್ಕಾರದ ಸಮೀಕ್ಷೆಯ ಅಂಕಿಗಳು ಸಾರುತ್ತಿವೆ. 2020ರ ಏಪ್ರಿಲ್-ಜೂನ್ ಅವಧಿಯಲ್ಲಿ ದೇಶದ ಪಟ್ಟಣಗಳ ನಿರುದ್ಯೋಗವು ಶೇಕಡಾ 20ನ್ನು ಮೀರಿದ್ದಿತು. 2024ರ ಜುಲೈ-ಸೆಪ್ಟೆಂಬರ್ ವೇಳೆಗೆ ಅದು ಶೇಕಡಾ 6.4ಕ್ಕೆ ಇಳಿಯಿತು. ಇದು ಸಂತೋಷದ ಸಂಗತಿಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಾರದಲ್ಲಿ ಒಂದು ದಿನ, ಒಂದು ಗಂಟೆ ದುಡಿದವನೂ ಈ ಲೆಕ್ಕದಲ್ಲಿ ಉದ್ಯೋಗಸ್ಥನೇ. ಕೆಲಸ ದೊರೆಯಿತೆಂಬುದನ್ನು ಈ ಅಂಕಿಯು ಹೇಳುವುದು. ಆ ಕೆಲಸದಿಂದ ಮನೆ ನಡೆಯಿತೇ ಎಂಬುದನ್ನು ಹೇಳದು.

ಬೆಂಗಳೂರಿನ ಹೆಬ್ಬಾಳವನ್ನೇ ನೋಡಬಹುದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಅಲ್ಲಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಕಟ್ಟಡಗಳು ಎದ್ದಿವೆ. ಸಮೀಪದ ನಾಗವಾರದಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬೆಳೆದಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವನಿಗೆ ನೇಮಕಾತಿ ಪತ್ರವುಂಟು, ತಿಂಗಳ ಸಂಬಳವುಂಟು. ಅವನ ಕಚೇರಿಯನ್ನು ಕಟ್ಟಿದ ಗಾರೆಯವನು, ಗುಡಿಸುವ ಹೆಂಗಸು, ಬಾಗಿಲು ಕಾಯುವವನು, ಮಧ್ಯಾಹ್ನದ ಊಟವನ್ನು ಬೈಕಿನಲ್ಲಿ ತಂದುಕೊಡುವ ಹುಡುಗ, ಇವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಒಂದು ಚೀಟಿಯಾದರೂ ಇದೆ? ದೇಶದಲ್ಲಿ ತಿಂಗಳ ಸಂಬಳಗಾರರೆನಿಸಿದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಿಖಿತ ಕರಾರಿಲ್ಲವೆಂದು ಅದೇ ಸಮೀಕ್ಷೆಯು 2023-24ರಲ್ಲಿ ತೋರಿಸಿತು.

ಚೀಟಿಯಿಲ್ಲದವನ ಗತಿಯೇನೆಂಬುದನ್ನು 2020ರಲ್ಲಿ ಕಂಡೆವು. ಆ ವರ್ಷ ಮೇ 5ರಂದು ಕಟ್ಟಡ ನಿರ್ಮಾಪಕರೊಡನೆ ಸಮಾಲೋಚಿಸಿದ ರಾಜ್ಯ ಸರ್ಕಾರವು, ಊರಿಗೆ ಹೊರಟಿದ್ದ ಪರರಾಜ್ಯದ ಕಾರ್ಮಿಕರ ರೈಲುಗಳ ಬೇಡಿಕೆಯನ್ನು ಹಿಂತೆಗೆದುಕೊಂಡಿತು. ಸಾರ್ವಜನಿಕರು ಖಂಡಿಸಿದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ನಗರಕ್ಕೆ ಅವರ ತೋಳು ಬೇಕಾಗಿದ್ದಿತು. ಅವರ ಹೊಟ್ಟೆಯ ಹೊಣೆ ಯಾರಿಗೂ ಬೇಕಾಗಿರಲಿಲ್ಲ.

ಈಗ ಕಾನೂನುಗಳಿಗೇನೂ ಕೊರತೆಯಿಲ್ಲ. ಕಟ್ಟಡದ ವೆಚ್ಚದಿಂದ ಶೇಕಡಾ 1ರ ಕರವನ್ನು ಎತ್ತಿ ಕಾರ್ಮಿಕರ ಕಲ್ಯಾಣಕ್ಕೆಂದು ಇಡಲಾಗುತ್ತಿದೆ. ಆ್ಯಪ್‌ಗಳ ಮೂಲಕ ದುಡಿಯುವವರಿಗಾಗಿ ನಮ್ಮ ರಾಜ್ಯವು 2025ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿತು. ಅದೇ ವರ್ಷ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಆದರೆ ಹೆಸರು ನೋಂದಣಿಯಾಗದವನಿಗೆ ಕಲ್ಯಾಣ ನಿಧಿಯು ಕನ್ನಡಿಯೊಳಗಿನ ಗಂಟು. ರಾಯಚೂರು, ಯಾದಗಿರಿಗಳಿಂದ ಮೇಸ್ತ್ರಿಯ ಹಿಂದೆ ಬಂದು, ಕೆಲಸ ಮುಗಿದೊಡನೆ ಇನ್ನೊಂದು ಬಡಾವಣೆಗೆ ಹೋಗುವವನು ಕಚೇರಿಯ ಬಾಗಿಲಿಗೆ ಅಲೆಯಲಾರನು. ಅಲೆದರೆ ಅಂದಿನ ಕೂಲಿಯೇ ಹೋಗುವುದು.

ಕೆಲಸವಿಲ್ಲದ ಕಾಲದಲ್ಲಿ ಕಾರ್ಮಿಕನು ಹಕ್ಕನ್ನು ಕೇಳಲಾರನು, ಧಣಿಯು ಕೊಡಲಾರೆನೆನ್ನುವನು. ಕೆಲಸವು ಹೆಚ್ಚಿರುವಾಗ ಈ ಎರಡು ನೆವಗಳೂ ಸಲ್ಲವು. ಆದ್ದರಿಂದ ಚೇತರಿಕೆಯ ಕಾಲವೇ ಕಾನೂನನ್ನು ನಡೆಸಲು ತಕ್ಕ ಕಾಲವೆಂಬುದು ನಮ್ಮ ಅಭಿಪ್ರಾಯ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕೆಲಸದ ಸ್ಥಳಕ್ಕೇ ಹೋಗಿ ನೋಂದಣಿ ಮಾಡಲಿ. ಗುತ್ತಿಗೆದಾರನ ಬಿಲ್ಲನ್ನು ಪಾವತಿ ಮಾಡುವ ಮೊದಲು ಕೂಲಿಯ ಪಟ್ಟಿಯನ್ನು ನೋಡಲಿ. ಕಾವಲುಗಾರರನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡಿರುವ ಗೃಹಸ್ಥರ ಸಂಘಗಳೂ, ತಾವು ತೆತ್ತ ಹಣದಲ್ಲಿ ಅವರ ಕೈಸೇರುವುದೆಷ್ಟು, ಅವರ ಭವಿಷ್ಯನಿಧಿಗೆ ಸಲ್ಲುವುದೆಷ್ಟು ಎಂದು ವಿಚಾರಿಸಲಿ. ಇಷ್ಟನ್ನು ಈಗ ಮಾಡದಿದ್ದರೆ, ಮುಂದಿನ ಮುಗ್ಗಟ್ಟಿನಲ್ಲಿ ಇದೇ ಜನರು ಮತ್ತೆ ಬರಿಗೈಯಲ್ಲಿ ಊರಿನ ದಾರಿ ಹಿಡಿಯಬೇಕಾದೀತು.