ಬಳ್ಳಿಗೆ ಮರ ಬೇಕಂತೆ!

ಹೋದ ವಾರ ನನ್ನ ತಂಗಿ ಮಗಳು, "ದೊಡ್ಡವ್ವ, ಇಲ್ನೋಡು" ಅಂತ ಮೊಬೈಲಲ್ಲಿ ಒಂದು ಫೋಟೋ ತೋರ್ಸಿದ್ಲು. ಮೃಣಾಲಿನಿ ಮುಖರ್ಜಿ ಅನ್ನೋ ಕಲಾವಿದೆ 1984ರಲ್ಲಿ ಮಾಡಿದ 'ಯಕ್ಷಿ'. ದನದ ಕಣ್ಣಿ ಹೊಸೆಯೋಂಥ ಸೆಣಬಿನ ನಾರಿಗೆ ಬಣ್ಣ ಹಾಕಿ, ಕೈಯಲ್ಲೇ ಗಂಟು ಹಾಕ್ತಾ ಹಾಕ್ತಾ ಆಳೆತ್ತರಕ್ಕೂ ಮಿಗಿಲಾಗಿ ನಿಲ್ಸವ್ರೆ. ಹೆಣ್ಣೂ ಹೌದು, ಗಿಡವೂ ಹೌದು. ಮೈ ಎಲ್ಲಿ ಮುಗೀತು, ಹೂವು ಎಲ್ಲಿ ಶುರುವಾಯ್ತು ಹೇಳಾಕಾಗಲ್ಲ. ನೋಡಿದ್ರೆ ಒಂಚೂರು ಭಯಾನೂ ಆಯ್ತದೆ.

ನಮ್ಮ ಮೈದುನ ಇಣುಕಿ ನೋಡಿ, "ಇದೇನತ್ತಿಗೆ, ದೆವ್ವನಾ? ಹೆಣ್ಣು ಅಂದ್ರೆ ಮಲ್ಲಿಗೆ ಬಳ್ಳಿ ಇದ್ದಂಗಿರ್ಬೇಕು" ಅಂದ.

ನಂಗೆ ಉರಿ ಹತ್ತಿದ್ದು ಅಲ್ಲೇ. ಪಿಯುಸಿ ಮುಗ್ಸಿ ಮುಂದಕ್ಕೆ ಓದ್ತೀನಿ ಅಂದಾಗ ನಮ್ಮನೆ ಹಿರೀಕರು ಹೇಳಿದ್ದೂ ಇದನ್ನೇ: "ಬಳ್ಳಿಗೆ ಮರ ಬೇಕು ಕಣವ್ವ." ಆ ಒಂದು ಮಾತಿಗೆ ನನ್ನ ಪುಸ್ತಕ ಅಟ್ಟ ಹತ್ತಿದ್ವು. ಈಗ ಡಿಗ್ರಿ ಕೊನೇ ವರ್ಷದಲ್ಲಿರೋ ಈ ಹುಡುಗಿಗೂ ಅದೇ ಮಾತು ಹೇಳ್ಕೊಂಡು ಗಂಡು ನೋಡ್ತಾ ಅವ್ರೆ.

ಬಳ್ಳಿ ಬಳ್ಳಿ ಅಂತೀರಲ್ಲ, ನಮ್ಮ ಕಿಕ್ಕೇರಿ ಬ್ರಹ್ಮೇಶ್ವರನ ಗುಡಿಗೆ ಹೋಗಿ ಕತ್ತೆತ್ತಿ ನೋಡಿ. ಕಂಬದ ಮೇಲೆ ನಿಂತಿರೋ ಆ ಕಲ್ಲಿನ ಹೆಣ್ಣುಗಳಿಗೆ ಸಾಲಭಂಜಿಕೆ ಅಂತಾರೆ. ಸಾಲ ಮರದ ಕೊಂಬೆ ಮುರಿಯೋಳು ಅಂತ ಅದರರ್ಥ. ಹೆಣ್ಣು ಕಾಲು ತಾಕಿಸಿದ್ರೆ ಅಶೋಕ ಮರ ಹೂ ಬಿಡ್ತದೆ ಅಂತ ಹಳೇ ಕವಿಗಳೇ ಹೇಳವ್ರೆ. ಅಂದ್ರೆ ಮರಕ್ಕೇ ಹೆಣ್ಣು ಬೇಕಾಗಿತ್ತು ಕಣ್ರಪ್ಪಾ! ಆ ಗುಡಿ 1171ರಲ್ಲಿ ಕಟ್ಸಿದ್ದೂ ಒಬ್ಬ ಹೆಂಗಸೇ, ಬಮ್ಮವೆ ನಾಯಕಿತಿ.

ಇನ್ನೊಂದು ಕೇಳಿ. ಮೂರನೇ ಮದುವೆ ಆಗೋ ಗಂಡಸಿಗೆ ಕೇಡು ತಟ್ಟಬಾರದು ಅಂತ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಸೋ ಶಾಸ್ತ್ರ ಇತ್ತು. ಕೇಡು ತಡ್ಕೊಳ್ಳೋಕೆ ಹೆಂಡ್ತಿ ಜಾಗದಲ್ಲಿ ಮಲ್ಲಿಗೆ ಬಳ್ಳಿನ ಯಾಕೆ ನಿಲ್ಲಿಸ್ಲಿಲ್ಲ? ಎಕ್ಕಕ್ಕೆ ಯಾರೂ ನೀರು ಹಾಕಲ್ಲ, ಬೇಲಿ ಸಂದೀಲಿ ಕಡಿದಷ್ಟೂ ಚಿಗುರ್ತದೆ. ಅದರ ಹಾಲು ಕಣ್ಣಿಗೆ ಬಿದ್ರೆ ಕೆಟ್ಟದ್ದು; ಅದೇ ಗಿಡದ ಎಲೇನ ಬೆಚ್ಚಗೆ ಮಾಡಿ ಮಂಡಿ ನೋವಿಗೆ ಕಟ್ತೀವಿ. ಹೆಣ್ಣಿಗೆ ಹೋಲಿಕೆ ಬೇಕೇಬೇಕು ಅಂದ್ರೆ ಇಂಥದ್ದು ಕೊಡಿ. ಆ 'ಯಕ್ಷಿ'ಲಿ ನಂಗೆ ಕಂಡಿದ್ದೂ ಇಂಥ ಗಿಡಾನೇ.

ಹಂಗಾದ್ರೆ ಗಂಡನ ಆಸರೆ ಬ್ಯಾಡ್ವಾ ಅಂತೀರಾ? ಇರ್ಲಿ ಬುಡಿ, ಬ್ಯಾಡ ಅಂದೋರ್ಯಾರು. ಆದ್ರೆ ನಮ್ಮನೆಯವ್ರು ಮೂರು ತಿಂಗಳು ಹಾಸಿಗೆ ಹಿಡಿದಾಗ ಗದ್ದೆ, ದನ, ಸಾಲ ಎಲ್ಲಾ ನನ್ನ ತಲೆ ಮೇಲೇ ಇತ್ತು. ಆಗ ಯಾರು ಮರ, ಯಾರು ಬಳ್ಳಿ?

ಮಲ್ಲಿಗೆ ಮುಡಿಯೋಕಿರ್ಲಿ. ಹುಡುಗಿ ಮೊದ್ಲು ಪರೀಕ್ಷೆ ಬರೀಲಿ, ಗಂಡು ನೋಡೋದು ಆಮ್ಯಾಕೆ ಅಂತ ತಂಗಿಗೆ ಹೇಳ್ಬುಟ್ಟಿದ್ದೀನಿ.