ಐದು ನಿಮಿಷ, ಐವತ್ತಾರು ತಪ್ಪು

ಇಂಗ್ಲಿಷ್ ಸಿನಿಮಾಗಳ ಕೋರ್ಟಿನ ದೃಶ್ಯವನ್ನು ನೀವೂ ನೋಡಿರಬಹುದು, ಮಕ್ಕಳೇ. ಲಾಯರು ಗುಡುಗುತ್ತಿರುತ್ತಾನೆ, ಸಾಕ್ಷಿ ಬೆವರುತ್ತಿರುತ್ತಾನೆ. ಪಕ್ಕದಲ್ಲಿ ಒಬ್ಬರು ತಲೆ ಎತ್ತದೆ ಪುಟ್ಟದೊಂದು ಯಂತ್ರದ ಮೇಲೆ ಬೆರಳಾಡಿಸುತ್ತಿರುತ್ತಾರೆ. ನನ್ನ ಕಣ್ಣು ಹೋಗುವುದು ಅವರ ಕಡೆಗೇ. ಹರೆಯದಲ್ಲಿ ನಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಶಾರ್ಟ್‌ಹ್ಯಾಂಡ್ ಕಲಿತವನು ನಾನು, ಅದರ ಋಣ! ನಿಮ್ಮ ಅಜ್ಜ ಅಜ್ಜಿಯರಲ್ಲೂ ಜೂನಿಯರ್, ಸೀನಿಯರ್ ಎಂದು ಪರೀಕ್ಷೆ ಕಟ್ಟಿದವರು ಇರಬಹುದು, ಕೇಳಿ ನೋಡಿ.

ಅಮೆರಿಕದಲ್ಲಿ ಇವರಿಗೆ ಕೋರ್ಟ್ ರಿಪೋರ್ಟರ್ ಎನ್ನುತ್ತಾರೆ. ಪತ್ರಿಕೆಗೆ ಸುದ್ದಿ ಬರೆಯುವವರಲ್ಲ. ಕೋರ್ಟಿನಲ್ಲಿ ಆಡಿದ ಮಾತನ್ನು ಆಡಿದ ಹಾಗೆಯೇ ದಾಖಲಿಸುವವರು. ಅವರ ಯಂತ್ರ ಸ್ಟೆನೋಟೈಪ್. ಅದರಲ್ಲಿರುವುದು 22 ಕೀಗಳು, ಇಂಗ್ಲಿಷಿನ 26 ಅಕ್ಷರಕ್ಕೂ ಸಾಲದು! ಹಾಗಾಗಿ ಹಾರ್ಮೋನಿಯಂ ನುಡಿಸುವವರಂತೆ ಹಲವು ಕೀಗಳನ್ನು ಒಟ್ಟಿಗೆ ಒತ್ತುತ್ತಾರೆ. ಎಡಗೈ ಬೆರಳುಗಳಿಗೆ ಮೊದಲ ವ್ಯಂಜನ, ಹೆಬ್ಬೆರಳುಗಳಿಗೆ ಸ್ವರ, ಬಲಗೈಗೆ ಕೊನೆಯ ವ್ಯಂಜನ. ಪದದ ಮೊದಲಲ್ಲಿ ‘ಡಿ’ ಬೇಕೆಂದರೆ ‘ಟಿ’ ಮತ್ತು ‘ಕೆ’ ಜೊತೆಗೆ ಒತ್ತಬೇಕು. ‘ಕ್ಯಾಟ್’ ಎಂಬ ಪದ ಒಂದೇ ಏಟಿಗೆ ಮುಗಿಯುತ್ತದೆ. ಕಾಗುಣಿತ ಕಲಿತ ನಮಗೆ ಇದು ಬೇಗ ಅರ್ಥವಾಗಬೇಕು.

ಅಲ್ಲಿನ ಕೋರ್ಟ್ ರಿಪೋರ್ಟರುಗಳ ರಾಷ್ಟ್ರೀಯ ಸಂಘ ಒಂದು ಪ್ರಮಾಣಪತ್ರ ಕೊಡುತ್ತದೆ. ಅದಕ್ಕೊಂದು ಲಿಖಿತ ಪರೀಕ್ಷೆಯಿದೆ, ಅದಿರಲಿ. ಬೆವರಿಳಿಸುವುದು ವೇಗದ ಪರೀಕ್ಷೆ. ಐದೈದು ನಿಮಿಷದ ಮೂರು ಉಕ್ತಲೇಖನ. ಮೊದಲನೆಯದು ಸಾಹಿತ್ಯದ ಗದ್ಯ, ನಿಮಿಷಕ್ಕೆ 180 ಪದ. ಎರಡನೆಯದು ಜ್ಯೂರಿಗೆ ನ್ಯಾಯಾಧೀಶರು ಕೊಡುವ ಸೂಚನೆ, 200 ಪದ. ಮೂರನೆಯದು ಸಾಕ್ಷಿಯ ವಿಚಾರಣೆ, ಪ್ರಶ್ನೆ ಉತ್ತರ ಎರಡೂ ಸೇರಿ 225. ಒತ್ತಿದ್ದನ್ನು ಬಿಡಿಸಿ ಬರೆಯಲು ಪ್ರತಿಯೊಂದಕ್ಕೂ 75 ನಿಮಿಷ. ನೂರಕ್ಕೆ 95 ಸರಿಯಿರಬೇಕು.

ಲೆಕ್ಕ ಹಾಕಿ ನೋಡೋಣ. 225ನ್ನು ಐದರಿಂದ ಗುಣಿಸಿದರೆ 1125 ಪದ. ಅದರಲ್ಲಿ ನೂರಕ್ಕೆ ಐದು, ಅಂದರೆ 56 ತಪ್ಪು ಮಾಫಿ. ಐವತ್ತೇಳಾಯಿತೋ, ಫೇಲು! ಒಂದೇ ಸಮಾಧಾನವೆಂದರೆ, ಪಾಸಾದ ಭಾಗವನ್ನು ಮತ್ತೆ ಬರೆಯಬೇಕಿಲ್ಲ. ಉಳಿದದ್ದಕ್ಕೆ ಮತ್ತೆ ಕೂತರಾಯಿತು.

ಒಂದು ಪದಕ್ಕೆ ಇಷ್ಟೇಕೆ ಜಗ್ಗಾಟ? ಆರೋಪಿಯನ್ನು ಗುರುತಿಸುತ್ತೀರಾ ಎಂದು ಸಾಕ್ಷಿಯನ್ನು ಕೇಳುತ್ತಾರೆ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ‘ಐ ಕ್ಯಾನ್’ ಎಂದರೆ ಬಲ್ಲೆ, ‘ಐ ಕಾಂಟ್’ ಎಂದರೆ ಆಗದು. ಕೊನೆಯ ಒಂದು ‘ಟ್’ ತಪ್ಪಿದರೆ ಮಾತೇ ತಿರುವುಮುರುವು. ಮೇಲಿನ ಕೋರ್ಟಿಗೆ ಅಪೀಲು ಹೋದಾಗ ಸಾಮಾನ್ಯವಾಗಿ ಸಾಕ್ಷಿಯನ್ನು ಮತ್ತೆ ಕರೆಸುವುದಿಲ್ಲ. ಅಲ್ಲಿನವರು ಓದುವುದು ಈ ದಾಖಲೆಯನ್ನೇ. ಒಬ್ಬನ ಮನೆಯೋ ಜೈಲೋ ಆ ಕಾಗದದ ಮೇಲೆ ನಿಂತಿರುತ್ತದೆ.

ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ವೇಗವಲ್ಲ, ಬಾಯಿಮುಚ್ಚಿಕೊಂಡಿರುವುದು. ಸಾಕ್ಷಿ ವ್ಯಾಕರಣ ತಪ್ಪಿ ಮಾತಾಡಿದರೆ ತಿದ್ದುವಂತಿಲ್ಲ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೂ ಹುಬ್ಬೇರಿಸುವಂತಿಲ್ಲ. ಆದರೆ ಇಬ್ಬರು ಒಟ್ಟಿಗೆ ಮಾತಾಡಿ ಏನೂ ಕೇಳಿಸದಿದ್ದರೆ ‘ಒಬ್ಬೊಬ್ಬರಾಗಿ ಹೇಳಿ’ ಎಂದು ಇಡೀ ಕೋರ್ಟನ್ನೇ ತಡೆದು ನಿಲ್ಲಿಸಬಹುದು. ಈಗ ಎಷ್ಟೋ ಕೋರ್ಟುಗಳಲ್ಲಿ ರೆಕಾರ್ಡಿಂಗ್ ಯಂತ್ರ ಬಂದಿದೆ. ಹಾಗೆ ತಡೆದು ಕೇಳಲು ಅದಕ್ಕೆ ಬಾಯಿಲ್ಲ.

ಭಾನುವಾರ ಒಂದು ಆಟ ಆಡಿ. ಅಜ್ಜ ಪೇಪರನ್ನು ಒಂದು ನಿಮಿಷ ಜೋರಾಗಿ ಓದಲಿ, ನೀವು ಬರೆದುಕೊಳ್ಳಿ. ಆಮೇಲೆ ಅಜ್ಜಿ ಕೆಂಪು ಪೆನ್ನು ಹಿಡಿದು ಬಿಟ್ಟುಹೋದ ಪದಗಳನ್ನು ಎಣಿಸಲಿ. ಅಜ್ಜ ನಿಧಾನ ಮಾಡಿದರೆ ಆಟ ರದ್ದು!